ಕಥೆಯಲ್ಲಿ ಇಲ್ಲದ ಕಬ್ಬು

ಪಕ್ಕದ ಮನೆಯ ನಿಂಬೆವ್ವ ಸತ್ತ ಕಥೆಯನ್ನು ಚಂದಮ್ಮ ಏನಿಲ್ಲವೆಂದರೂ ಇನ್ನೂರು ಸಲ ಹೇಳಿದ್ದಾಳೆ. ನಳದ ಕಟ್ಟೆಯಲ್ಲಿ ಹೇಳಿದ್ದಾಳೆ, ಗಿರಣಿಯಲ್ಲಿ ಜೋಳದ ಪಾಳಿ ಕಾಯುತ್ತ ಹೇಳಿದ್ದಾಳೆ, ಆಳಂದದ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರಿಗೆ ಹೇಳಿ ಅವರನ್ನೂ ಅಳಿಸಿ ತಾನೂ ಅತ್ತಿದ್ದಾಳೆ. ಅಫಜಲಪುರದ ಕಡೆ ಕೊಟ್ಟ ತಂಗಿಯ ಮನೆಗೆ ಹೋದಾಗ ಒಂದೇ ದಿನ ಆರು ಸಲ ಹೇಳಿದ್ದೂ ಉಂಟು. ಒಮ್ಮೆಯೂ ಅವಳ ಬಾಯಿ ಒಣಗಿರಲಿಲ್ಲ. ಈಗ ನೋಡಿದರೆ, ನಾಳೆ ಹನ್ನೊಂದಕ್ಕೆ ಆಳಂದದ ಕೋರ್ಟಿನಲ್ಲಿ ಅದೇ ಕಥೆಯನ್ನು ಇನ್ನೊಂದು ಸಲ ಹೇಳಬೇಕು, ಇಷ್ಟೇ. ಮುಂಜಾನೆಯಿಂದ ಅವಳಿಗೆ ಒಂದು ರೊಟ್ಟಿ ನೆಟ್ಟಗೆ ಬಡಿಯಲು ಆಗಿಲ್ಲ.

ಸಮನ್ಸ್ ತಂದ ಪೊಲೀಸನು ಚಹಾ ಕುಡಿಯುತ್ತ ನಕ್ಕಿದ್ದ. “ನಿಮಗೇನ್ ಹೇಳಿಕೊಡೂದ್ರಿ ಯಮ್ಮಾ! ವಿಡಿಯೋದಾಗ ಹೇಳಿದಂಗ ಹೇಳಿ ಬರ್ರಿ. ಡ್ರೈವರ್ ಒಳಗ ಹೋಗ್ತಾನ.” ಇಡೀ ಕೇಸಿನಲ್ಲಿ ಕಣ್ಣಾರೆ ಕಂಡ ಸಾಕ್ಷಿ ಎಂದರೆ ಚಂದಮ್ಮ ಒಬ್ಬಳೇ. ಡ್ರೈವರ್ ಫೋನ್ ನೋಡುತ್ತಿದ್ದ ಎಂದು ಅವಳು ಅಂದರೆ ನೆಲೋಗಿಯ ನಯೀಮ, ಇಪ್ಪತ್ತಾರು ವರ್ಷದವ, ಜೇಲಿಗೆ ಹೋಗುತ್ತಾನೆ. ಇಲ್ಲ ಅಂದರೆ ಮನೆಗೆ ಹೋಗುತ್ತಾನೆ. ಅಷ್ಟು ಭಾರದ ಮಾತನ್ನು ಅವಳ ಬಾಯಿ ಈ ಮೊದಲು ಎತ್ತಿರಲಿಲ್ಲ.

ಹಾಗೆಂದು ಅವಳನ್ನು ಸುಳ್ಳುಗಾತಿ ಅಂತ ಮಾತ್ರ ಯಾರೂ ತಿಳಿಯಬೇಡಿ. ಸುಳ್ಳು ಹೇಳಿ ಯಾರ ಮನೆಯಿಂದಲೂ ಒಂದು ಹಿಡಿ ಉಪ್ಪು ತಂದವಳಲ್ಲ. ಆದರೆ ಕೇಳುವವರು ಬಾಯಿ ತೆರೆದು ಕೂತರೆ ಸಾಕು, ಅವಳಿಂದ ತಡೆದುಕೊಳ್ಳುವುದು ಆಗುವುದಿಲ್ಲ. ಅದೊಂದು ಚಟ. ಅವಳ ಗಂಡ ದೇವೀಂದ್ರಪ್ಪ ಸಂತೆಯಲ್ಲಿ ಜಾರಿ ಬಿದ್ದದ್ದನ್ನು ಅವಳು ಹೇಳಿದಾಗ ಓಣಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನೂ ನಕ್ಕು, ಆಮೇಲೆ ಗೊಣಗಿದ್ದ: “ನಾ ಬಿದ್ದಿದ್ದು ಒಂದs ಸಲ. ಈಕಿ ನನ್ನ ಕೆಡವಿದ್ದು ಐವತ್ತ ಸಲ.”

ನಿಂಬೆವ್ವನ ಕಥೆಯೂ ಒಂದೇ ದಿನಕ್ಕೆ ಬೆಳೆದದ್ದಲ್ಲ. ಹೋದ ವರ್ಷ ಜನವರಿಯಲ್ಲಿ, ಆಕೆ ಕಬ್ಬಿನ ಟ್ರಾಲಿಯ ಗಾಲಿಗೆ ಸಿಕ್ಕು ಸತ್ತ ಸಂಜೆ, ಚಂದಮ್ಮ ಹೇಳಿದ್ದು ಮೂರೇ ಮಾತು. ಟ್ರ್ಯಾಕ್ಟರ್ ಬಂತು, ನಿಂಬಿ ಬಿದ್ದಳು, ಹೋಗಿಬಿಟ್ಟಳು. ಅಷ್ಟು ಹೇಳಿ ಎದೆ ಬಡಿದುಕೊಂಡು ಕೂತಿದ್ದಳು. ಮಣ್ಣು ಮಾಡಿದ ಮರುದಿನ ನಿಂಬೆವ್ವನ ಮಗಳು ಮೈತ್ರಿ ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು, “ದೊಡ್ಡವ್ವ, ನಮ್ಮವ್ವ ಕಡೀಕ ಏನರ ಅಂದ್ಲೇನು?” ತಂದೆಯೂ ಇಲ್ಲದ, ಇಪ್ಪತ್ತೆರಡು ವರ್ಷದ, ಕಲಬುರಗಿಯಲ್ಲಿ ನರ್ಸಿಂಗ್ ಓದುವ ಹುಡುಗಿ. ಅವಳಿಗೆ ಏನು ಹೇಳಬೇಕು, ನೀವೇ ಹೇಳಿ? ಚಂದಮ್ಮ ಅವಳ ಕೂದಲು ಸವರುತ್ತ ಅಂದಳು, “ಬಿದ್ದಾಕೀನೇ ನಿನ್ನ ಹೆಸರ ತಗೊಂಡ್ಲು ಮಗಾ. ಮೈತ್ರೀ, ಮೈತ್ರೀ ಅಂತ ಎರಡ ಸಲ ಒದರಿದ್ಲು.” ಮೈತ್ರಿ ಆಗ ಮೊದಲ ಬಾರಿಗೆ ಬಾಯಿ ಬಿಟ್ಟು ಅತ್ತಳು. ಮೂರು ದಿನದಿಂದ ಕಲ್ಲಾಗಿ ಕೂತವಳು ಅತ್ತಳಲ್ಲ ಎಂದು ಇಡೀ ಓಣಿಗೆ ಸಮಾಧಾನವಾಯಿತು.

ಐದನೆಯ ದಿನ ಅಜಯಕುಮಾರ ಬಂದ. ಕಲಬುರಗಿಯವ, ಮೊಬೈಲಿನಲ್ಲೇ ಸುದ್ದಿ ಚಾನಲ್ ನಡೆಸುವವ, ಕೈಯಲ್ಲಿ ಕೆಂಪು ಮೈಕು. ಸಂಜೆ ಏಳರ ಸುಮಾರು, ಕರೆಂಟು ಹೋಗಿತ್ತು. ಚಂದಮ್ಮ ಕಟ್ಟೆಯ ಮೇಲೆ ಕೂತು ಹೇಳತೊಡಗಿದಳು. ಅವನು ನಡುವೆ ಕೇಳಿದ, “ಡ್ರೈವರ್ ಕೈಯಾಗ ಮೊಬೈಲ್ ಇತ್ತಲ್ರೀ ಅವ್ವಾರೆ?”

“ಇತ್ತಂತ ಕಾಣಸ್ತದಪ್ಪ.”

“ಕಾಣಸ್ತದ ಅನಬ್ಯಾಡ್ರಿ. ಇತ್ತು ಅನ್ರಿ. ಮೊದಲಿಂದ ಇನ್ನೊಮ್ಮೆ ಸುರು ಮಾಡ್ರಿ, ನಾ ಹೊಳ್ಳಿ ರೆಕಾರ್ಡ್ ಮಾಡ್ತೇನಿ.”

ಹೊಳ್ಳಿ ಸುರು ಮಾಡಿದಳು. ಈ ಸಲ ಇತ್ತು ಅಂದಳು. ಅನ್ನುವಾಗ ಎದುರಿಗೆ ಅಜಯಕುಮಾರನ ಮುಖ ಕಂಡಿತು, ಕತ್ತಲಲ್ಲಿ ಮೊಬೈಲಿನ ನೀಲಿ ಬೆಳಕು ಅವನ ಗಲ್ಲದ ಮೇಲೆ ಬಿದ್ದಿತ್ತು. ಬಾಯಿ ತಾನೇ ಮುಂದೆ ಹೋಯಿತು: “ಆ ಫೋನಿನ ನೀಲಿ ಬೆಳಕ ಅವನ ಮಾರಿ ಮ್ಯಾಲ ಬಿದ್ದಿತ್ತ್ರೀ. ನಾ ಈ ಕಣ್ಣಿಂದ ಕಂಡೇನಿ.” ಅಜಯಕುಮಾರ ಹೆಬ್ಬೆಟ್ಟು ಎತ್ತಿ ತೋರಿಸಿದ. ಆ ವಿಡಿಯೋವನ್ನು ಜೇವರ್ಗಿಯಿಂದ ಸೊಲ್ಲಾಪುರದವರೆಗೆ ಜನ ನೋಡಿದರು. ಮುಂದೆ ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ಅವರೇ ಆ ವಿಡಿಯೋ ನೋಡಿ ಬರೆದುಕೊಂಡು, ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ಇಷ್ಟೆಲ್ಲ ಸೇರಿತು. ಒಂದು ಮಾತ್ರ ಸೇರಲಿಲ್ಲ, ಅದು ಕಬ್ಬು.

ಕಬ್ಬು ಜಗ್ಗುವುದು ನಮ್ಮ ಕಡೆ ಕಳವು ಅಲ್ಲ. ಭೂಸನೂರ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರಾಲಿ, ಮನೆಗಿಂತ ಎತ್ತರ ಕಬ್ಬು, ಊರ ಮುಂದೆ ರಸ್ತೆಗೆ ಹಾಕಿದ ಹಂಪಿನ ಹತ್ತಿರ ಆಮೆಯ ಹಾಗೆ ನಿಧಾನವಾಗುತ್ತವೆ. ಹೆಂಗಸರು ಪಕ್ಕದಲ್ಲಿ ನಡೆಯುತ್ತ ಹೊರಗೆ ಚಾಚಿದ ಒಂದೊಂದು ಗಣಿಕೆ ಜಗ್ಗಿಕೊಳ್ಳುತ್ತಾರೆ. ಡ್ರೈವರನಿಗೆ ಎಲ್ಲ ಗೊತ್ತು. ಆದರೆ ಹಿಂದೆ ಯಾರಿದ್ದಾರೆ, ಜಗ್ಗಿ ಆಯಿತೋ ಇಲ್ಲವೋ, ಅವನಿಗೆ ಕಾಣುವುದಿಲ್ಲ. ಅದಕ್ಕೇ ಒಂದು ರೂಢಿ: ಎಲ್ಲರದೂ ಆದ ಮೇಲೆ ಅವರಲ್ಲಿ ಹಿರಿಯಳು “ಹೋಗಪ್ಪಾ ಹೋಗು!” ಎಂದು ಒದರುತ್ತಾಳೆ, ಅದನ್ನು ಕೇಳಿ ಅವನು ಗಾಡಿ ಜೋರು ಮಾಡುತ್ತಾನೆ. ಆ ಕೂಗಿಗಿಂತ ಮೊದಲು ಜೋರು ಮಾಡಿದ ಡ್ರೈವರ್ ಮರುದಿನ ಬೈಗಳು ತಿನ್ನುತ್ತಾನೆ.

ಅವಳ ಊರಾದ ಸರಸಂಬಾದಲ್ಲಿ ಹತ್ತು ವರ್ಷದಿಂದ ಆ ಕೂಗು ಚಂದಮ್ಮನದು.

ಪೊಲೀಸರು ಬರುವ ಮೊದಲೇ ನಿಂಬೆವ್ವನ ಮುಷ್ಟಿಯಿಂದ ಚಂದಮ್ಮ ಒಂದು ಗಣಿಕೆ ಬಿಡಿಸಿ ತೆಗೆದಿದ್ದಳು. ಬೆರಳು ಒಂದೊಂದಾಗಿ ಬಿಚ್ಚಬೇಕಾಗಿತ್ತು. ಅದನ್ನೂ, ತನ್ನದನ್ನೂ ಎಮ್ಮೆಯ ಮುಂದೆ ಹಾಕಿದಳು. ಸತ್ತವಳನ್ನು ಹೊರಗಿನ ಜನ ಕಬ್ಬುಗಳ್ಳಿ ಅನ್ನಬಾರದು ಎಂಬುದೊಂದೇ ಆಗ ತಲೆಯಲ್ಲಿ ಇದ್ದದ್ದು. ಓಣಿಯವರೂ ಹೌದೆಂದರು. ನೀರಿಗೆ ಹೋಗಿದ್ದಳು ಅಂದರಾಯಿತು, ಅದರಲ್ಲೇನು ಪಾಪ? ಹೀಗೆ ಕಬ್ಬು ಹೋಯಿತು, ಕೊಡ ಬಂತು. ಕಬ್ಬೇ ಇಲ್ಲದ ಮೇಲೆ ಕೂಗು ಎಲ್ಲಿಂದ ಬರಬೇಕು? ಅದೂ ಹೋಯಿತು. ವರ್ಷ ತುಂಬುವುದರೊಳಗೆ ಚಂದಮ್ಮನಿಗೇ, ಕಣ್ಣು ಮುಚ್ಚಿದರೆ, ಕೊಡ ಹೊತ್ತ ನಿಂಬೆವ್ವ ಕಾಣುತ್ತಿದ್ದಳು, ನೀಲಿ ಬೆಳಕು ಬಿದ್ದ ಡ್ರೈವರನ ಮುಖ ಕಾಣುತ್ತಿತ್ತು.

ಸಮನ್ಸ್ ಬಂದ ಮೇಲೆ ಮಾತ್ರ ಅದರ ನಡುವೆ ಎಲ್ಲೋ ಕಬ್ಬಿನ ಎಲೆ ಕೊರೆದ ಹಾಗೆ ಆಗತೊಡಗಿತ್ತು.

ಮಧ್ಯಾಹ್ನ ಮೂರರ ಬಸ್ಸಿಗೆ ಒಬ್ಬ ಹೆಂಗಸು ಇಳಿದು, ಮನೆ ಕೇಳುತ್ತ ಬಂದಳು. ಕಪ್ಪು ಬುರ್ಖಾ, ಮುಖ ತೆರೆದಿತ್ತು, ಅರವತ್ತರ ಆಸುಪಾಸು, ಕೈಯಲ್ಲೊಂದು ಬಟ್ಟೆಯ ಚೀಲ. ಹೊಸ್ತಿಲ ಹೊರಗೇ ನಿಂತು ಅಂದಳು, “ನಾ ಹಮೀದಾಬೇಗಂ ರೀ. ನೆಲೋಗಿಯಿಂದ ಬಂದೇನಿ. ನಯೀಮನ ತಾಯಿ.”

ಚಂದಮ್ಮನ ಕೈಯಲ್ಲಿನ ಹಿಟ್ಟು ಹಾಗೇ ಉಳಿಯಿತು. ಬೈಯಲು ಬಂದಳೇ, ಕಾಲಿಗೆ ಬೀಳಲು ಬಂದಳೇ? ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ದೇವೀಂದ್ರಪ್ಪ ಎದ್ದು ಕೌದಿ ಹಾಸಿ, “ಒಳಗ ಬರ್ರಿ ಯಕ್ಕಾ, ಬಿಸಲಾಗ ಬಂದೀರಿ” ಎಂದು ನೀರು ಕೊಟ್ಟ. ಅವಳು ನೀರು ಕುಡಿದು ಬುರ್ಖಾದ ಅಂಚಿನಿಂದ ಬಾಯಿ ಒರೆಸಿಕೊಂಡಳು. ನೆಲೋಗಿಯಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಆಳಂದ, ಆಳಂದದಿಂದ ಇಲ್ಲಿಗೆ. ನಾಲ್ಕು ಬಸ್ಸು ಹತ್ತಿ ಇಳಿದಿದ್ದಳು.

“ನಾ ಏನೂ ಬೇಡಲಿಕ್ಕೆ ಬಂದಿಲ್ಲ ಯಕ್ಕಾ” ಅಂದಳು. “ನಿಮ್ಮ ಬಾಯಿಂದ ಒಮ್ಮೆ ಕೇಳಬೇಕಂತ ಬಂದೆ. ವಿಡಿಯೋದಾಗ ಕೇಳೇನಿ, ಖರೆ. ಎದುರಿಗಿ ಕೂತು ಕೇಳಿದ್ರ ಬ್ಯಾರೆ ಇರ್ತದ.”

ಇನ್ನೇನು ಬೇಕು! ಚಂದಮ್ಮ ಬೇಡ ಅನ್ನಬೇಕಾಗಿತ್ತು. ಆದರೆ ಎದುರಿಗೆ ಒಬ್ಬಳು ಕಿವಿಯಾಗಿ ಕೂತಿದ್ದಳು, ಬಾಯಿ ತಾನೇ ತೆರೆಯಿತು. ಸೋಮವಾರ, ಕೊಡ, ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು, ದೂರದಲ್ಲಿ ಟ್ರ್ಯಾಕ್ಟರಿನ ಹಾಡು, ಎಲ್ಲ ಸರಸರ ಬಂತು. ಫೋನು ಬಂತು. ನೀಲಿ ಬೆಳಕು ಬಂತು. ಆ ಜಾಗದಲ್ಲಿ ಅವಳು ಯಾವಾಗಲೂ ಒಂದು ಕ್ಷಣ ಸುಮ್ಮನಿರುತ್ತಾಳೆ, ಕೇಳುವವರು ಅಯ್ಯಯ್ಯೋ ಅನ್ನಲಿ ಎಂದು.

ಹಮೀದಾಬೇಗಂ ಅಯ್ಯೋ ಅನ್ನಲಿಲ್ಲ. “ಹೊತ್ತು ಎಷ್ಟಾಗಿತ್ರೀ ಆಗ?” ಎಂದಳು.

“ನಾಕ ಗಂಟಿ.”

“ಬಿಸಲಿತ್ತೇನು?”

“ರಗಡ ಬಿಸಲಿತ್ತು. ಕಣ್ಣ ಕುಕ್ಕತಿತ್ತು.”

ಹೇಳಿದ ಮೇಲೆ ಚಂದಮ್ಮನಿಗೆ ತನ್ನ ಮಾತು ತನಗೇ ಕೇಳಿಸಿತು. ಬಾಗಿಲಾಚೆ ಅಂಥದೇ ಬಿಸಿಲು ಬಿದ್ದಿತ್ತು. ಹಮೀದಾಬೇಗಂ ಚೀಲದಿಂದ ತನ್ನ ಸಣ್ಣ ಫೋನು ತೆಗೆದು, ಬಾಗಿಲಿನ ಬಿಸಿಲಿಗೆ ಹಿಡಿದು, ನೋಡಿ, ಹೊಳ್ಳಿ ಚೀಲದಲ್ಲಿ ಇಟ್ಟುಕೊಂಡಳು. ಹಿಡಿದಷ್ಟು ಹೊತ್ತೂ ಅದರ ಬೆಳಕು ಬಿಸಿಲಿನಲ್ಲಿ ಕಂಡಿರಲಿಲ್ಲ.

“ನಮ್ಮ ನಯೀಮ ಮೊದಲs ದಿನ ಪೊಲೀಸರಿಗಿ ಒಂದ ಹೇಳಿದ್ದ” ಅಂದಳು. “ಯಾರೋ ಹೆಣ್ಣಮಗಳು ಹೋಗಪ್ಪಾ ಹೋಗು ಅಂತ ಒದರಿದ್ಲು, ಅದಕ್ಕ ಗಾಡಿ ಜೋರ್ ಮಾಡಿದೆ ಅಂತ. ಯಾರೂ ನಂಬಲಿಲ್ಲ. ಈ ಊರಾಗ ಕೇಳಿದ್ರ ಯಾರೂ ಒದರೇ ಇಲ್ಲ ಅಂದ್ರಂತ. ಆಮ್ಯಾಲ ನಿಮ್ಮ ವಿಡಿಯೋ ಬಂತು. ದಿನಾ ನೋಡ್ತಾನ ಯಕ್ಕಾ. ಉಣ್ಣೂದ ಬಿಟ್ಟು ನೋಡ್ತಾನ. ಈಗ ಏನ ಅನ್ನಾಕತ್ತಾನ ಗೊತ್ತೇನು? ಅಮ್ಮೀ, ನನ ಕೈಯಾಗ ಫೋನ್ ಇತ್ತೇನೋ, ಆ ಅಮ್ಮ ಯಾಕ ಸುಳ್ಳ ಹೇಳ್ತಾಳ, ಆ ಧ್ವನಿ ನನ ಕಿವಿದs ಭ್ರಮಾ ಇರಬೇಕು. ನಾಳಿ ಕೋರ್ಟಿನಾಗ ತಪ್ಪ ನಂದs ಅಂತ ಒಪ್ಕೋತೇನಿ ಅಂತಾನ. ತಪ್ಪ ಮಾಡಿದ್ರ ಒಪ್ಕೋಲಿ. ನಾ ಬ್ಯಾಡ ಅನ್ನಂಗಿಲ್ಲ, ಖುದಾ ಕಸಮ್. ಆದ್ರ ಯಕ್ಕಾ, ಯಾರರ ಒದರಿದ್ರೇನು? ಇಷ್ಟs ಹೇಳ್ರಿ ನಂಗ. ನನ ಮಗ ಹುಚ್ಚ ಆಗ್ಯಾನೋ ಇಲ್ಲೋ, ಅದೊಂದ ಗೊತ್ತಾಗಲಿ.”

ಚಂದಮ್ಮ ನೆಲ ನೋಡುತ್ತ ಅಂದಳು, “ನಂಗ ಕೇಳಿಸಲಿಲ್ಲವ್ವ.”

ಹಮೀದಾಬೇಗಂ “ಆತು ಬಿಡ್ರಿ” ಎಂದು ಎದ್ದಳು. ಆಳಂದದಲ್ಲಿ ಅವಳ ಅಣ್ಣನ ಮನೆಯಿತ್ತು, ನಯೀಮ ಅಲ್ಲೇ ಇದ್ದ. ಹೋಗುವಾಗ ಚೀಲದಿಂದ ಒಂದು ಪೊಟ್ಟಣ ಶೇಂಗಾ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಬರಿಗೈಲಿ ಬರಬಾರದು ಅಂತ ತಂದಿದ್ದಳಂತೆ.

ಬಸ್ಸು ಹೋದ ಸಪ್ಪಳ ಕೇಳಿದ ಮೇಲೆ ಅವಳು ಗಂಡನ ಕಡೆ ತಿರುಗಿದಳು. “ಅವತ್ತ ನೀವು ಮನ್ಯಾಗs ಇದ್ರಲ್ಲಾ?”

“ಇದ್ದೆ.”

“ನಾ ಒದರಿದ್ದ ಕೇಳಿತ್ತೇನು?”

ದೇವೀಂದ್ರಪ್ಪ ಆರಿದ ಬೀಡಿಯನ್ನು ಗೋಡೆಗೆ ಒರೆಸಿದ. “ಕೇಳಿತ್ತು.”

“ಮತ್ತ ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲ?”

“ನೀ ಕಥಿ ಸುರು ಮಾಡಿಬಿಟ್ಟಿದ್ದಿ. ನಡುವ ನಾ ಹೆಂಗ ಬಾಯಿ ಹಾಕಲಿ ಬೇ? ನೀ ಹೇಳಿದ್ದ ಕೇಳಿ ಕೇಳಿ ನಂಗೂ ಹಂಗs ಇರಬೇಕು ಅನಸ್ತಿತ್ತು.”

ಹಾಳಾದ ಮನುಷ್ಯ! ಬೈದುಬಿಡಬೇಕು ಎನ್ನಿಸಿತು. ಆದರೆ ಬೈಗಳು ಬರಲಿಲ್ಲ, ಬದಲಿಗೆ ಆ ದಿನ ಬಂತು. ಇನ್ನೂರು ಸಲ ಹೇಳಿದ್ದರ ಅಡಿಯಿಂದ ಅದೇ ಎದ್ದು ಬಂತು. ಮಲಗಿದ್ದ ನಿಂಬೆವ್ವನನ್ನು ತಾನೇ ಕರೆದು ಎಬ್ಬಿಸಿದ್ದು. “ಏಳ ಬೇ, ಕಬ್ಬ ಬಂತು.” ತಾನು ಒಂದು ಗಣಿಕೆ ಜಗ್ಗಿ ದಾರಿಯ ಬದಿಗೆ ಸರಿದದ್ದು. ನಿಂಬೆವ್ವ ಎರಡು ಟ್ರಾಲಿಗಳ ನಡುವೆ ಕೈ ಹಾಕಿದ್ದಳು. ಆಕೆಯ ಕೈಯಲ್ಲಿ ಒಂದು ಗಣಿಕೆ ಆಗಲೇ ಇತ್ತು, ಅದನ್ನು ನೋಡಿ ಆಯಿತು ಅಂದುಕೊಂಡಳು. ನಿಂಬೆವ್ವ ಏನೋ ಅಂದಳು. ಅದೇ ಹೊತ್ತಿಗೆ ತಾನು ಬಾಯಿ ತುಂಬ ಒದರಿದಳು. ಗಾಡಿ ಜಗ್ಗಿತು. ನಿಂಬೆವ್ವ ಅಂದದ್ದು ಏನೆಂಬುದನ್ನು ಚಂದಮ್ಮ ಈಗಲೂ ಮನಸ್ಸಿನ ಹತ್ತಿರ ಬರಗೊಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈತ್ರಿ ಬಂದಳು, ಇಸ್ತ್ರಿ ಮಾಡಿದ ಸೀರೆ ಹಿಡಿದು. “ದೊಡ್ಡವ್ವ, ನಾಳಿ ಇದನ್ನs ಉಡು. ನಮ್ಮವ್ವಂದು. ಕೋರ್ಟಿಗಿ ನಾನೂ ಬರ್ತೇನಿ.” ಆಮೇಲೆ ಹತ್ತಿರ ಕೂತು ಅವಳ ಕೈ ಹಿಡಿದುಕೊಂಡಳು. “ಅಂಜಬ್ಯಾಡ. ನಾ ದಿನಾ ಮಲಗೂ ಮುಂದ ನಿನ್ನ ವಿಡಿಯೋ ಹಚ್ಚತೇನಿ. ಮೈತ್ರೀ ಮೈತ್ರೀ ಅಂತೀಯಲ್ಲಾ, ಅಲ್ಲಿ ನಮ್ಮವ್ವನ ಧ್ವನಿನೇ ಬಂದಂಗ ಆಗ್ತದ. ಅದ ಕೇಳಿದ ಮ್ಯಾಲs ನಂಗ ನಿದ್ದಿ.”

“ಮೈತ್ರಿ…” ಅಂದಳು ಚಂದಮ್ಮ.

“ಹೇಳ ದೊಡ್ಡವ್ವ.”

“ಏನಿಲ್ಲ. ಸೀರಿ ಛಂದ ಅದ.”

ಹೇಡಿ! ತನ್ನನ್ನು ತಾನೇ ಬೈದುಕೊಂಡಳು. ಹೇಳಿದರೆ ಈ ಹುಡುಗಿಗೆ ತಾಯಿ ಇನ್ನೊಮ್ಮೆ ಸಾಯುತ್ತಾಳೆ, ಅದೂ ಚಂದಮ್ಮನ ಕೈಯಿಂದ. ಹೇಳದಿದ್ದರೆ ನೆಲೋಗಿಯ ಆ ಹುಡುಗ ಮಾಡದ ತಪ್ಪನ್ನು ಮಾಡಿದೆ ಅಂದುಕೊಂಡೇ ಜೇಲಿಗೆ ಹೋಗುತ್ತಾನೆ. ಎರಡೂ ಕಡೆ ಒಬ್ಬೊಬ್ಬರ ಮಗು ನಿಂತಿತ್ತು.

ಮರುದಿನ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಬಾಳೆಹಣ್ಣು ಮಾರುವವಳು ಗುರುತು ಹಿಡಿದಳು. “ಏ, ವಿಡಿಯೋದಾಗಿನ ಅಮ್ಮ ಅಲ್ರೀ ನೀವು? ಆ ನೀಲಿ ಬೆಳಕಿಂದು!” ಮೊದಲಾದರೆ ಚಂದಮ್ಮ ಅಲ್ಲೇ ಚೀಲ ಇಳಿಸಿ ಕೂತುಬಿಡುತ್ತಿದ್ದಳು. ಇವತ್ತು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ದೇವೀಂದ್ರಪ್ಪನ ಹಿಂದೆ ಸರಸರ ನಡೆದಳು. ನಿಂಬೆವ್ವನ ಸೀರೆ ಸೊಂಟದ ಹತ್ತಿರ ನಿಲ್ಲದೆ ಜಾರುತ್ತಿತ್ತು.

ಕೋರ್ಟಿನ ಪಡಸಾಲೆಯಲ್ಲಿ ಸರಕಾರಿ ವಕೀಲರು ಕಾಗದದ ಕಟ್ಟು ತೆರೆದು ಅವಸರದಲ್ಲಿ ಹೇಳಿಕೊಟ್ಟರು. “ನೀರಿಗೆ ಹೊಂಟಿದ್ಲು, ಫೋನ್ ನೋಡ್ಕೋತ ಬಂದ, ಹಾಯಿಸಿದ. ಮೂರs ಮಾತು. ಹೆಚ್ಚಿಗಿ ಬ್ಯಾಡ.” ಚಂದಮ್ಮ ತಲೆಯಾಡಿಸಿದಳು. ಎದುರಿನ ಬಾಕಿನಲ್ಲಿ ಹಮೀದಾಬೇಗಂ ಕೂತಿದ್ದಳು, ಪಕ್ಕದಲ್ಲಿ ನಯೀಮ. ಚಂದಮ್ಮ ಅವನನ್ನು ಹದಿನಾಲ್ಕು ತಿಂಗಳಿಂದ ಕಥೆಯಲ್ಲಿ ಮಾತ್ರ ನೋಡಿದ್ದಳು. ಅಲ್ಲಿ ಅವನಿಗೆ ಕೆಂಪು ಕಣ್ಣು, ದಪ್ಪ ಮೀಸೆ. ಇಲ್ಲಿ ಕೂತವನಿಗೆ ಮೀಸೆಯೇ ಇರಲಿಲ್ಲ, ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಡಿಲಾಗಿ ಆಡುತ್ತಿತ್ತು. ಅವನು ಅವಳನ್ನು ನೋಡಿ, ತಪ್ಪು ಮಾಡಿದವರು ನೋಡುವ ಹಾಗೆ ತಲೆ ತಗ್ಗಿಸಿದ.

ಹೆಸರು ಕೂಗಿದರು. ಕಟಕಟೆ ಹತ್ತಿದಳು, ಪ್ರಮಾಣ ಮಾಡಿದಳು. ಹಿಂದಿನ ಸಾಲಿನಲ್ಲಿ ಮೈತ್ರಿ ಕೂತು ಧೈರ್ಯ ಹೇಳುವ ಹಾಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಜಡ್ಜ್ ಹೆಣ್ಣುಮಗಳು, ಕನ್ನಡಕದವರು. “ಏನು ನೋಡಿದ್ರಿ, ಹೇಳ್ರಿ” ಎಂದರು ಸರಕಾರಿ ವಕೀಲರು.

“ಅವತ್ತ ಸೋಮಾರ ರೀ. ನಾಕ ಗಂಟಿ…”

“ತಡೀರಿ” ಅಂದರು ಜಡ್ಜ್ ಮೇಡಂ.

ಅವರು ಅವಳ ಮಾತನ್ನು ಬರೆಯುವ ಕನ್ನಡದಲ್ಲಿ ತಿರುಗಿಸಿ ಟೈಪಿಸ್ಟನಿಗೆ ಹೇಳಿದರು, ಅವನು ಟಕಟಕ ಹೊಡೆದ. ಆಮೇಲೆ “ಮುಂದೆ?” ಎಂದರು. ಚಂದಮ್ಮನಿಗೆ ಹೀಗೆ ಕಥೆ ಹೇಳಿ ರೂಢಿಯೇ ಇಲ್ಲ. ಅವಳದು ಹಳ್ಳದ ನೀರು, ಹರಿದರೆ ಹರಿಯಿತು. ಇಲ್ಲಿ ಮಾತಿಗೊಮ್ಮೆ ನಿಲ್ಲಬೇಕು, ಆಡಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ತಾನೇ ಕೇಳಬೇಕು.

“ನಿಂಬೆವ್ವ ನೀರಿಗಿ ಹೊಂಟಿದ್ಲು.”

“ತಡೀರಿ… ಮೃತಳು ನೀರು ತರಲು ಹೊರಟಿದ್ದಳು… ಮುಂದೆ?”

ಟಕಟಕ. ಮೃತಳು ನೀರು ತರಲು ಹೊರಟಿದ್ದಳು. ಹೌದೇ? ಕೊಡ ಎಲ್ಲಿತ್ತು? ಮಧ್ಯಾಹ್ನ ಪೂರ್ತಿ ನಳ ಬಂದೇ ಇರಲಿಲ್ಲ.

“ಟ್ರ್ಯಾಕ್ಟರ್ ಬಂತು.”

“ತಡೀರಿ.”

ತಡೀರಿ. ಮೂರನೆಯ ಸಲ ಆ ಮಾತು ಕೇಳಿದಾಗ ಚಂದಮ್ಮನ ಕೈ ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿಯಿತು. ನಿಂಬೆವ್ವನೂ ಅದನ್ನೇ ಅಂದಿದ್ದಳು. ಹತ್ತಿರ ಬರಗೊಡದ ಮಾತು ಈಗ ಎದುರಿಗೇ ಬಂದು ನಿಂತಿತು, ಪೂರ್ತಿ, ನಿಂಬೆವ್ವನ ಧ್ವನಿಯಲ್ಲೇ.

“ಡ್ರೈವರ್ ಏನ ಮಾಡಾಕತ್ತಿದ್ದ?” ಸರಕಾರಿ ವಕೀಲರು ಕೇಳಿದರು. ಉತ್ತರ ಬರದಿದ್ದಾಗ, “ಕೈಯಾಗ ಏನಿತ್ತು? ಹೇಳ್ರಿ ಯಮ್ಮಾ” ಅಂದರು.

“ಏನೂ ಇದ್ದಿದ್ದಿಲ್ಲ ರೀ.”

“ಏನು?”

“ಫೋನ್ ಇದ್ದಿದ್ದಿಲ್ಲ. ನಾ ನೋಡೇ ಇಲ್ಲ. ಅವನ ಮಾರಿ ನಂಗ ಕಂಡಿದ್ದೇ ಇಲ್ಲ, ನಾ ಹಿಂದಿದ್ದೆ. ನಿಂಬಿ ನೀರಿಗಿ ಹೋಗಿದ್ದಿಲ್ಲ. ನಾವಿಬ್ಬರೂ ಕಬ್ಬ ಜಗ್ಗಾಕ ಹೋಗಿದ್ದೆವು. ನಾನs ಆಕೀನ ಎಬ್ಬಿಸಿ ಕರಕೊಂಡ ಹೋಗಿದ್ದೆ.”

ಟೈಪಿನ ಸಪ್ಪಳ ನಿಂತಿತು. ಸರಕಾರಿ ವಕೀಲರು ಕೆಂಪಗಾಗಿ, ಪೊಲೀಸರಿಗೆ ಕೊಟ್ಟ ಹೇಳಿಕೆ ಓದಿದರು, ಯಾರು ಹೆದರಿಸಿದರು, ಯಾರು ಮನೆಗೆ ಬಂದಿದ್ದರು, ಸುಳ್ಳು ಸಾಕ್ಷಿ ಹೇಳಿದರೆ ಏನಾಗುತ್ತದೆ ಗೊತ್ತೇ ಎಂದು ಒಂದರ ಮೇಲೊಂದು ಕೇಳಿದರು. ಚಂದಮ್ಮ ಅಂದಳು, “ಹೆದರಸಿಲ್ಲ ರೀ. ಈತನ ತಾಯಿ ಬಂದಿದ್ಲು. ಬಿಸಲಿತ್ತೇನು ಅಂತ ಕೇಳಿ ಹೋದ್ಲು, ಅಷ್ಟs.”

ನಯೀಮನ ವಕೀಲರು ಎದ್ದರು. “ಗಾಡಿ ಏಕಾಏಕಿ ಯಾಕ ಜೋರಾತು, ನಿಮಗ ಗೊತ್ತದ ಏನ್ರಿ?”

“ಒದರಿದ್ದಕ್ಕ.”

“ಯಾರು ಒದರಿದ್ರು?”

“ನಾನು.”

ಜಡ್ಜ್ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. “ಏನಂತ ಒದರಿದ್ರಿ? ಹೇಗೆ ಅಂದಿರೋ ಹಾಗೇ ಹೇಳಿ.”

ಚಂದಮ್ಮ ಉಸಿರು ತುಂಬಿಕೊಂಡಳು. ಕಣ್ಣು ಮುಚ್ಚಿದಳು. ಹಂಪಿನ ಹತ್ತಿರ ಇಂಜಿನ್ನಿನ ಗದ್ದಲ ದಾಟಿ ಕೇಳಬೇಕಾದಷ್ಟು ಎತ್ತರದಲ್ಲಿ ಒದರಿದಳು: “ಹೋಗಪ್ಪಾ ಹೋಗು!”

ಪಡಸಾಲೆಯವರೆಗೂ ಕೇಳಿತು. ಕಣ್ಣು ತೆರೆದಾಗ ಅವಳಿಗೆ ಮೊದಲು ಕಂಡದ್ದು ನಯೀಮನ ಬಲಗಾಲು. ಆರೋಪಿಯ ಜಾಗದಲ್ಲಿ ನಿಂತಿದ್ದ ಅವನು ಅದನ್ನು ಗಾಡಿ ಜೋರು ಮಾಡುವ ಹಾಗೆ ನೆಲಕ್ಕೆ ಒತ್ತಿ ಹಿಡಿದಿದ್ದ. ಅವನಿಗೇ ಗೊತ್ತಿಲ್ಲದೆ ಒತ್ತಿದ್ದು ಅದು. ಆಮೇಲೆ ಅವನು ಕಾಲನ್ನು ನೋಡಿಕೊಂಡ, ತಾಯಿಯ ಕಡೆ ತಿರುಗಿದ, ಮಕ್ಕಳ ಹಾಗೆ ಗಂಟಲು ಒಡೆದು ಅಂದ, “ಅಮ್ಮೀ, ಯಹೀಚ್ ಆವಾಜ್. ಇದs ಧ್ವನಿ ಅಮ್ಮೀ!” ಹಮೀದಾಬೇಗಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಹಿಂದಿನ ಸಾಲಿನಲ್ಲಿ ಮೈತ್ರಿ ಇರಲಿಲ್ಲ.

ಅವಳು ಹೊರಗೆ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದಳು. ತೀರ್ಪಿನ ತಾರೀಖು ಇನ್ನೂ ದೂರವಿತ್ತು, ಪೊಲೀಸರು ಚಂದಮ್ಮನನ್ನು ಇನ್ನೆಷ್ಟು ಸಲ ಕರೆಯುತ್ತಾರೋ ಗೊತ್ತಿರಲಿಲ್ಲ. ಅದ್ಯಾವುದೂ ಈಗ ಅವಳ ತಲೆಯಲ್ಲಿ ಇರಲಿಲ್ಲ. ಹತ್ತಿರ ಹೋಗಿ ನಿಂತಳು, ಕೂರುವ ಧೈರ್ಯವಾಗಲಿಲ್ಲ. ಮೈತ್ರಿಯ ಕೈಯಲ್ಲಿ ಫೋನು ಇತ್ತು, ವಿಡಿಯೋ ತೆರೆದಿತ್ತು, ಬಿಸಿಲಿಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

“ಮೈತ್ರೀ ಮೈತ್ರೀ ಅಂತ ಒದರಿದ್ದು?” ಅವಳು ಮುಖ ಎತ್ತದೆ ಕೇಳಿದಳು. “ಅದೂ ನಿನ್ನ ಕಥಿನೇ ಏನು?” ದೊಡ್ಡವ್ವ ಅನ್ನಲಿಲ್ಲ.

“ಬಿದ್ದ ಮ್ಯಾಲ ನಿಮ್ಮವ್ವ ಏನೂ ಅನಲಿಲ್ಲ ಮಗಾ. ಅನ್ನಾಕ ಆಗಲಿಲ್ಲ.” ಚಂದಮ್ಮನಿಗೆ ಮಾತು ಹುಡುಕಬೇಕಾಯಿತು, ಎಂದೂ ಹೀಗೆ ಹುಡುಕಿದವಳಲ್ಲ. “ಬೀಳೂಕಿಂತ ಮೊದಲ ಅಂದ್ಲು. ಕೈಯಾಗ ಒಂದ ಗಣಿಕಿ ಇತ್ತು, ಎರಡನೇದು ಜಗ್ಗಾಕತ್ತಿದ್ಲು. ತಡಿ ಬೇ ಚಂದೀ ಅಂದ್ಲು. ಇನ್ನೊಂದು ಅಂದ್ಲು. ನಮ್ಮ ಮೈತ್ರಿ ಸಂಜೀ ಬಸ್ಸಿಗಿ ಬರ್ತಾಳ, ಆಕಿಗಿ ಅಂದ್ಲು. ನಂಗ ಕೇಳಿತ್ತು. ಕೇಳೂದರಾಗ ನಾ ಒದರಿಬಿಟ್ಟಿದ್ದೆ.”

ಕೋರ್ಟಿನ ಗೇಟಿನ ಹೊರಗೆ ದೇವೀಂದ್ರಪ್ಪ ಇಬ್ಬರನ್ನೂ ನೋಡುತ್ತ ದೂರವೇ ನಿಂತಿದ್ದ. ಮೈತ್ರಿ ತಲೆ ಎತ್ತಿದಳು. ಕಣ್ಣೀರು ಗಲ್ಲಕ್ಕಿಳಿದಿತ್ತು, ಒರೆಸಿಕೊಳ್ಳಲಿಲ್ಲ.

“ಇನ್ನೊಮ್ಮೆ ಹೇಳು” ಅಂದಳು.

ಚಂದಮ್ಮನ ಬಾಯಿ ತೆರೆಯಿತು. ತೆರೆಯುತ್ತಲೇ ನಾಲಿಗೆಯ ತುದಿಗೆ ಬಂದದ್ದೇನು ಗೊತ್ತೇ? ನಿಂಬೆವ್ವ ನಕ್ಕಳು ಅಂತ. ನಗುತ್ತ ಅಂದಳು ಅಂತ. ನಕ್ಕಿದ್ದಳೋ ಇಲ್ಲವೋ, ಅವಳ ಮುಖವೇ ಕಂಡಿರಲಿಲ್ಲ. ಚಂದಮ್ಮ ಬೆಚ್ಚಿ, ನಿಂಬೆವ್ವನ ಸೀರೆಯ ಸೆರಗನ್ನು ತನ್ನ ಬಾಯಿಗೆ ಒತ್ತಿಕೊಂಡಳು.

“ಹೇಳಂಗಿಲ್ಲ ಮಗಾ” ಅಂದಳು ಸೆರಗಿನ ಒಳಗಿಂದಲೇ. “ಎರಡನೇ ಸಲ ಹೇಳಿದ್ರ ಅದು ಕೆಡ್ತದ. ನೀ ಕೇಳಿದೀ, ನೀನs ಇಟ್ಕೋ.”

ಮೈತ್ರಿ ಕಲ್ಲಿನ ಮೇಲೆ ಸ್ವಲ್ಪ ಸರಿದಳು, ಇನ್ನೊಬ್ಬರು ಕೂರುವಷ್ಟು. ಚಂದಮ್ಮ ಕೂತಳು. ಸರಸಂಬಾದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು, ಅಷ್ಟು ಹೊತ್ತೂ ಅವಳು ಒಂದು ಮಾತೂ ಆಡಲಿಲ್ಲ.